ಕುರ್ಚಿ ಕೊಟ್ಟವರಿಗೆ ಮೈಕ್ ಕೊಡಬೇಕಾ? ಸಭೆಗಳು ಊರಿನ ರಾಜಕೀಯದಲ್ಲಿ ನಡೆದುಕೊಳ್ಳುವ ಬಗೆ

ಕೆಲವು ವರ್ಷಗಳ ಹಿಂದೆ, ಚುನಾವಣೆಗೆ ಇನ್ನೂ ಎರಡು ತಿಂಗಳಿದ್ದಾಗ, ನಮ್ಮ ಸಭೆಗೆ, ಅಂದರೆ ನಮ್ಮ ಚರ್ಚಿಗೆ, ಐವತ್ತು ಪ್ಲಾಸ್ಟಿಕ್ ಕುರ್ಚಿ ಬಂದವು. ಯಾರೂ ಕೇಳಿರಲಿಲ್ಲ. ಬಂಗಾರಪೇಟೆ ಕಡೆಯ ಚಿಕ್ಕ ಸಭೆ ನಮ್ಮದು. ಅರ್ಧ ಜನ ಚಾಪೆ ಮೇಲೆ ಕೂರುತ್ತಿದ್ದರು, ವಯಸ್ಸಾದ ಅಮ್ಮಂದಿರಿಗೆ ಮಂಡಿ ನೋವು, ಹಾಗಾಗಿ ಕಮಿಟಿಯಲ್ಲಿದ್ದ ನಾವೆಲ್ಲ ಖುಷಿಯಿಂದಲೇ ಇಳಿಸಿಕೊಂಡೆವು. ಮೂರನೇ ಭಾನುವಾರ ಕುರ್ಚಿ ಕೊಟ್ಟವರು ಹತ್ತು ಜನರನ್ನು ಕಟ್ಟಿಕೊಂಡು ಆರಾಧನೆಗೆ ಬಂದರು. ಪಾಸ್ಟರ್ ಅಯ್ಯ ಅವರಿಗೆ ಮೈಕ್ ಕೊಡಲೇಬೇಕಾಯಿತು. ಐದು ನಿಮಿಷ ಅಂದವರು ಇಪ್ಪತ್ತೈದು ನಿಮಿಷ ಮಾತಾಡಿದರು. ಇನ್ನೊಂದು ಪಕ್ಷದಲ್ಲಿ ಓಡಾಡುತ್ತಿದ್ದ ಆರು ಮನೆಯವರು ಅವತ್ತಿನಿಂದ ಸಭೆಗೆ ಬರುವುದನ್ನೇ ಬಿಟ್ಟರು. ಐದು ಮನೆಯವರು ನಿಧಾನಕ್ಕೆ ವಾಪಸ್ ಬಂದರು. ಒಂದು ಮನೆಯವರು ಬರಲಿಲ್ಲ. ಅವರ ಅಜ್ಜಿ ತೀರಿಕೊಂಡಾಗ ಮಣ್ಣಿಗೆ ಬೇರೆ ಊರಿನ ಪಾಸ್ಟರನ್ನು ಕರೆಸಿದರು. ಆ ಅಜ್ಜಿ ನಮ್ಮ ಸಭೆ ಶುರುವಾದಾಗ ತಮ್ಮ ಮನೆಯ ಜಗಲಿಯಲ್ಲೇ ಪ್ರಾರ್ಥನೆಗೆ ಜಾಗ ಕೊಟ್ಟಿದ್ದವರು.

ಅದು ನನ್ನ ಮನಸ್ಸಿನಿಂದ ಹೋಗಿಲ್ಲ. ಈ ಲೇಖನ ಬರೆಯುವುದಕ್ಕೆ ಅದೇ ಕಾರಣ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಸಭೆಗಳಲ್ಲಿ ಎರಡು ಥರ ನೋಡುತ್ತೇನೆ. ಕೆಲವು ಕಡೆ "ರಾಜಕೀಯ ಲೋಕದ್ದು, ನಮಗ್ಯಾಕೆ" ಅಂತ ಬಾಗಿಲು ಹಾಕಿಕೊಳ್ಳುತ್ತಾರೆ. ಇನ್ನು ಕೆಲವು ಕಡೆ ಇಡೀ ಸಭೆಯ ಓಟನ್ನು ಒಬ್ಬಿಬ್ಬರು ಹಿರಿಯರು ಯಾರದೋ ಮನೆಯಲ್ಲಿ ಕೂತು ಮಾತಾಡಿ ಮುಗಿಸುತ್ತಾರೆ. ಎರಡೂ ತಪ್ಪು. ಊರಿನ ಕಷ್ಟಕ್ಕೆ ನಾವು ಮೊದಲು ಹೋಗಿ ನಿಂತರೆ, ನಮ್ಮ ಕಷ್ಟ ಹೇಳಿಕೊಳ್ಳುವಾಗ ಪಕ್ಕದಲ್ಲಿ ಊರಿನವರು ಇರುತ್ತಾರೆ. ಬರೀ ನಮ್ಮ ಕಷ್ಟಕ್ಕೆ ಮಾತ್ರ ಬಾಯಿ ಬಿಟ್ಟರೆ ಯಾರೂ ಇರುವುದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೆಳಗಿನದೆಲ್ಲ ಬರೆದಿದ್ದೇನೆ.

1. ಚುನಾವಣೆ ದೂರ ಇರುವಾಗಲೇ ಕಮಿಟಿ ಪುಸ್ತಕದಲ್ಲಿ ಬರೆದಿಡಿ

ಚುನಾವಣೆ ಘೋಷಣೆ ಆದ ಮೇಲೆ ಈ ಕೆಲಸಕ್ಕೆ ಕೈ ಹಾಕಬೇಡಿ. ಆಗ ಏನು ಮಾತಾಡಿದರೂ ಯಾರೋ ಒಬ್ಬರ ಪರ ಅನ್ನಿಸುತ್ತದೆ. ಯಾವ ಚುನಾವಣೆಯೂ ಹತ್ತಿರ ಇಲ್ಲದ ತಿಂಗಳಲ್ಲಿ ಕಮಿಟಿ ಕೂಡಿಸಿ, ಮಿನಿಟ್ಸ್ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಆರಾಧನೆಯಲ್ಲಿ ಯಾವ ಪಕ್ಷದ, ಯಾವ ಅಭ್ಯರ್ಥಿಯ ಹೆಸರೂ ಬರುವುದಿಲ್ಲ. ಯಾವ ರಾಜಕಾರಣಿಗೂ ಮೈಕ್ ಇಲ್ಲ, ಅವರು ನಮ್ಮ ಸಭೆಯವರೇ ಆಗಿದ್ದರೂ ಇಲ್ಲ. ಕಟ್ಟಡ, ಕಾಂಪೌಂಡು, ಸಭೆಯ ವಾಟ್ಸಾಪ್ ಗ್ರೂಪು, ಇವು ಪ್ರಚಾರಕ್ಕೆ ಸಿಗುವುದಿಲ್ಲ. ಇಷ್ಟು ಸಾಕು. ಬರೆದದ್ದನ್ನು ಮುಂದಿನ ಭಾನುವಾರ ಎಲ್ಲರ ಮುಂದೆ ಓದಿ ಹೇಳಿ.

ಒಳ್ಳೆ ನಡತೆ ಅನ್ನುವುದು ಒಂದು ಕಡೆ ಇರಲಿ, ಕಾನೂನೂ ಹೀಗೇ ಇದೆ. ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆಯಲು 1988ರಲ್ಲಿ ಒಂದು ಕಾಯ್ದೆ ಬಂದಿದೆ. ಧಾರ್ಮಿಕ ಸಂಸ್ಥೆಯ ಜಾಗವನ್ನು ರಾಜಕೀಯ ಚಟುವಟಿಕೆಗೆ ಬಿಟ್ಟುಕೊಟ್ಟರೆ ಐದು ವರ್ಷದವರೆಗೆ ಜೈಲು, ಹತ್ತು ಸಾವಿರ ರೂಪಾಯಿವರೆಗೆ ದಂಡ. ದೇವಸ್ಥಾನ, ಮಸೀದಿ, ಮಠ, ಚರ್ಚು ಎಲ್ಲಕ್ಕೂ ಇದು ಒಂದೇ. ಇನ್ನು 1951ರ ಜನಪ್ರತಿನಿಧಿ ಕಾಯ್ದೆಯ 123(3)ನೇ ಸೆಕ್ಷನ್ ಪ್ರಕಾರ ಧರ್ಮದ ಹೆಸರಲ್ಲಿ ಓಟು ಕೇಳುವುದು ಭ್ರಷ್ಟ ನಡವಳಿಕೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಇದನ್ನು ಇನ್ನೂ ಬಿಗಿ ಮಾಡಿತು. ಅಭ್ಯರ್ಥಿಯ ಧರ್ಮದ ಹೆಸರಲ್ಲಿ ಕೇಳಿದರೂ ತಪ್ಪು, ಓಟು ಹಾಕುವವರ ಧರ್ಮದ ಹೆಸರಲ್ಲಿ ಕೇಳಿದರೂ ತಪ್ಪು. ಅಂದರೆ ಅಭ್ಯರ್ಥಿಯ ಒಪ್ಪಿಗೆ ಮೇಲೆ ಪಾಸ್ಟರ್ ಒಬ್ಬರು "ಕ್ರೈಸ್ತರೆಲ್ಲ ಇವರಿಗೇ ಹಾಕೋಣ" ಅಂದರೆ, ಆ ಅಭ್ಯರ್ಥಿ ಗೆದ್ದರೂ ಗೆಲುವು ಕೋರ್ಟಿನಲ್ಲಿ ಬಿದ್ದುಹೋಗಬಹುದು.

ಹಾಗಂತ ಪಾಸ್ಟರ್ ಬಾಯಿ ಮುಚ್ಚಿಕೊಂಡಿರಬೇಕು ಅಂತ ಯಾರೂ ಹೇಳಿಲ್ಲ. ಬೈಬಲಿನಲ್ಲಿ, ನಾಬೋತನ ದ್ರಾಕ್ಷಿತೋಟವನ್ನು ರಾಜ ಅಹಾಬ ಕಿತ್ತುಕೊಂಡಾಗ ಪ್ರವಾದಿ ಎಲೀಯ ನೇರ ಹೋಗಿ ಮುಖಕ್ಕೇ ಕೇಳಿದ. ಪ್ರವಾದಿ ನಾತಾನ ರಾಜ ದಾವೀದನನ್ನೂ ಬಿಡಲಿಲ್ಲ. ಕೆರೆ ಒತ್ತುವರಿ, ಓಟಿಗೆ ಹಂಚುವ ದುಡ್ಡು ಮತ್ತು ಹೆಂಡ, ಜಾತಿ ನೋಡಿ ಎರಡು ಲೋಟ ಇಡುವ ಹೋಟೆಲು, ಕೂಲಿ ಹಣ ಹಿಡಿದಿಟ್ಟುಕೊಳ್ಳುವ ಮಾಲೀಕ, ಇವೆಲ್ಲ ಪ್ರಸಂಗಕ್ಕೆ (ಆರಾಧನೆಯ ಬೋಧನೆಗೆ) ಬರಬೇಕಾದ ವಿಷಯಗಳೇ. ಪಾಸ್ಟರ್‌ಗಳು ಪ್ರಸಂಗ ಬರೆದುಕೊಂಡ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಇದೇ ಮಾತನ್ನು ಇನ್ನೊಂದು ಪಕ್ಷ ಅಧಿಕಾರದಲ್ಲಿದ್ದಾಗಲೂ ಹೇಳಿದ್ದೆನಾ? ಹೌದು ಅನ್ನುವುದಾದರೆ ಧೈರ್ಯವಾಗಿ ಹೇಳಿ. ಇಲ್ಲ ಅನ್ನುವುದಾದರೆ ಆ ಪ್ಯಾರಾ ತೆಗೆದುಹಾಕಿ.

2. ಕಾಣಿಕೆ ತಂದವರನ್ನು ಹೇಗೆ ಮಾತಾಡಿಸುವುದು

ಕುರ್ಚಿ, ಸೌಂಡ್ ಬಾಕ್ಸು, ಟೈಲ್ಸು, ಕಾಂಪೌಂಡ್ ಗೋಡೆ, ಕ್ರಿಸ್ಮಸ್ಸಿಗೆ ಸೀರೆ. ಇದರಲ್ಲಿ ಒಂದಾದರೂ ಚುನಾವಣೆಗೆ ಮುಂಚೆ ನಿಮ್ಮ ಸಭೆಯ ಬಾಗಿಲಿಗೆ ಬರುತ್ತದೆ. ತಂದವರನ್ನು ಅವಮಾನ ಮಾಡಬೇಡಿ. ಕೂರಿಸಿ, ಕಾಫಿ ಕೊಡಿ, ಹೀಗೆ ಹೇಳಿ: "ಅಣ್ಣಾ, ನಿಮ್ಮ ಮನಸ್ಸು ದೊಡ್ಡದು. ಚುನಾವಣೆ ಮುಗಿಯೋವರೆಗೂ ನಾವು ಯಾರ ಹತ್ರನೂ ಏನೂ ತಗೊಳಲ್ಲ ಅಂತ ಕಮಿಟಿಯಲ್ಲಿ ಬರೆದುಬಿಟ್ಟಿದ್ದೀವಿ. ಮುಗಿದ ಮೇಲೆ ಕೊಡಿ, ರಸೀದಿ ಹಾಕಿಕೊಡ್ತೀವಿ." ಮಿನಿಟ್ಸ್ ಪುಸ್ತಕ ತೋರಿಸಿ. ಅದಕ್ಕೇ ಮೊದಲೇ ಬರೆಸಿದ್ದು. ಪಾಸ್ಟರ್ ಒಬ್ಬರೇ ಇಲ್ಲ ಅಂದರೆ ಅದು ಅವರ ತಲೆ ಮೇಲೆ ಬರುತ್ತದೆ, ಕಮಿಟಿಯ ತೀರ್ಮಾನ ಅಂದರೆ ಯಾರಿಗೂ ಕೋಪ ಬರುವುದಿಲ್ಲ. ಬಂದರೂ ಒಬ್ಬರ ಮೇಲೆ ಬರುವುದಿಲ್ಲ.

ಅಭ್ಯರ್ಥಿ ಆರಾಧನೆಗೇ ಬಂದರೆ? ಬರಲಿ. ಎಲ್ಲರಂತೆ ಜಾಗ ಕೊಡಿ. ಹಾರ ಬೇಡ, ಶಾಲು ಬೇಡ, ಮುಂದಿನ ಸಾಲೂ ಬೇಡ. ಪ್ರಾರ್ಥನೆ ಮಾಡಿಸಿಕೊಳ್ಳಲು ಬಂದಿದ್ದೇನೆ ಅಂದರೆ ಪ್ರಾರ್ಥನೆ ಮಾಡಿ, ಅದನ್ನು ಯಾರಿಗೂ ಇಲ್ಲ ಅನ್ನಬಾರದು. ಆದರೆ ಅದೇ ಪ್ರಾರ್ಥನೆಯಲ್ಲಿ ಈ ಕ್ಷೇತ್ರದಲ್ಲಿ ನಿಂತಿರುವ ಎಲ್ಲರಿಗಾಗಿ ಅಂತ ಸೇರಿಸಿ. ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುವ ಫೋಟೋ ತೆಗೆಯಲು ಬಿಡಬೇಡಿ. ಆ ಫೋಟೋ ಅವತ್ತು ಸಂಜೆಗೆ ಎಲ್ಲಿರುತ್ತದೆ ಅಂತ ನಿಮಗೂ ಗೊತ್ತು.

3. ಓಟರ್ ಪಟ್ಟಿ ನೋಡಿ

ಇದು ಚಿಕ್ಕ ಕೆಲಸ, ಆದರೆ ಬಹಳ ಸಭೆಗಳು ಮಾಡುವುದಿಲ್ಲ. ಕೆಜಿಎಫ್, ಬಂಗಾರಪೇಟೆ ಕಡೆ ದಿನಾ ಬೆಳಗಿನ ಟ್ರೇನಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುವವರೇ ಜಾಸ್ತಿ. ಅವರಿಗೆ ಬೂತ್ ಮಟ್ಟದ ಅಧಿಕಾರಿ ಮನೆಗೆ ಬಂದಾಗ ಸಿಗಲು ಆಗುವುದಿಲ್ಲ. ಹಾಗಾಗಿ ಒಂದು ಭಾನುವಾರ ಆರಾಧನೆ ಆದ ಮೇಲೆ ಯೌವನಸ್ಥರ ಕೂಟದ ಇಬ್ಬರು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರಲಿ. ಹೊಸದಾಗಿ ಸೇರಿಸಲು ನಮೂನೆ 6, ತಿದ್ದುಪಡಿಗೆ ಮತ್ತು ವಿಳಾಸ ಬದಲಾವಣೆಗೆ ನಮೂನೆ 8. ಅನುಮಾನ ಇದ್ದರೆ 1950ಕ್ಕೆ ಫೋನ್ ಮಾಡಿ. ಹದಿನೆಂಟು ತುಂಬಿದವರನ್ನು ಸೇರಿಸಲು ವರ್ಷಕ್ಕೆ ನಾಲ್ಕು ದಿನಾಂಕ ಇವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಪಕ್ಕದ ಬೀದಿಯವರು ಬಂದರೆ ಅವರದೂ ಮಾಡಿಕೊಡಿ. ಯಾರಿಗೆ ಓಟು ಅನ್ನುವ ಮಾತು ಆ ಮೇಜಿನ ಹತ್ತಿರ ಬರಬಾರದು.

4. ಊರಿನ ಕಷ್ಟಗಳಲ್ಲಿ ಒಂದನ್ನು ಆರಿಸಿಕೊಳ್ಳಿ

ಈ ಹೆಜ್ಜೆ ಬಗ್ಗೆ ನನಗೆ ಹೇಳಲು ಜಾಸ್ತಿ ಇದೆ.

ನಮ್ಮ ಹಿರಿಯರು ಈ ಕಡೆ ಹೆಸರು ಮಾಡಿದ್ದು ಪ್ರಸಂಗದಿಂದ ಮಾತ್ರ ಅಲ್ಲ. ಕೋಲಾರದ ಇಟಿಸಿಎಂ ಆಸ್ಪತ್ರೆ, ಚಿಕ್ಕಬಳ್ಳಾಪುರದ ಸಿಎಸ್ಐ ಆಸ್ಪತ್ರೆ ಅಂದರೆ ಹಳ್ಳಿಯ ಅಜ್ಜಿಯರಿಗೆ ಇವತ್ತಿಗೂ ಗೊತ್ತು, "ನನ್ನ ಮಗ ಹುಟ್ಟಿದ್ದು ಅಲ್ಲೇ" ಅನ್ನುತ್ತಾರೆ. ಅವರಲ್ಲಿ ಬಹಳ ಜನ ಕ್ರೈಸ್ತರಲ್ಲ. ತುಮಕೂರಿನಲ್ಲಿ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ 2019ರ ಜನವರಿಯಲ್ಲಿ ತೀರಿಕೊಂಡಾಗ ಚರ್ಚಿನವರೂ ಸಾಲಿನಲ್ಲಿ ನಿಂತು ಕಣ್ಣೀರು ಹಾಕಿದರು, ಯಾಕೆಂದರೆ ಅಲ್ಲಿ ಜಾತಿ ಧರ್ಮ ನೋಡದೆ ಮಕ್ಕಳಿಗೆ ಅನ್ನ, ಅಕ್ಷರ ಸಿಕ್ಕಿತ್ತು. ಊರು ನೆನಪಿಡುವುದು ಇಂಥದ್ದನ್ನು. ಬೈಬಲಿನ ಯೆರೆಮೀಯ 29:7 ಹೇಳುವುದೂ ಇದನ್ನೇ ಅಲ್ವಾ? ನೀವು ಇರುವ ಊರಿನ ಕ್ಷೇಮಕ್ಕಾಗಿ ದುಡಿಯಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಇದೆ ಅಂತ.

ಹಾಗಾದರೆ ಯಾವ ಕಷ್ಟ? ನಮ್ಮ ಕಡೆ ಮೊದಲ ಉತ್ತರ ನೀರು. ಬೋರ್‌ವೆಲ್ ಸಾವಿರ ಅಡಿ ದಾಟಿದೆ, ಬಂದ ನೀರಲ್ಲಿ ಫ್ಲೋರೈಡ್. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು, ಅಲ್ಲಿಂದ ಮುಂದೆ ಜಿಲ್ಲೆಯ ಕೆರೆಗಳಿಗೆ ಹರಿಸಿದರು. ಚಿಕ್ಕಬಳ್ಳಾಪುರದ ಕಡೆಗೆ ಹೆಬ್ಬಾಳ–ನಾಗವಾರದ ನೀರು ಬಂತು. ಕೆರೆ ತುಂಬಿದ್ದಕ್ಕೆ ರೈತರಿಗೆ ಸಂತೋಷ ಆಗಿದ್ದು ನಿಜ. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಬೇಕು ಅಂತ ಜನ ಕೇಳುತ್ತಿರುವುದೂ ನಿಜ. ಈ ಹೋರಾಟದಲ್ಲಿ ರೈತ ಸಂಘದವರು, ದಲಿತ ಸಂಘಟನೆಯವರು, ಮೇಷ್ಟ್ರುಗಳು ಎಲ್ಲ ಇದ್ದಾರೆ. ಸಭೆಗಳು ಮಾತ್ರ ಕಾಣುವುದಿಲ್ಲ. ನಾವೂ ಅದೇ ನೀರು ಕುಡಿಯುವವರು.

ಎರಡನೆಯದು ಮಲದ ಗುಂಡಿ ಮತ್ತು ಚರಂಡಿಯ ಕೆಲಸ. ಕೆಜಿಎಫ್ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅದಕ್ಕೂ ಮುಂಚಿನಿಂದ ಅಲ್ಲಿನ ಕಾಲನಿಗಳಲ್ಲಿ ಒಣ ಪಾಯಖಾನೆ ಬಳಿಯುವ ಕೆಲಸ ನಮ್ಮ ಜನರ ತಲೆಗೇ ಬಂದಿತ್ತು. ಬೆಜವಾಡ ವಿಲ್ಸನ್ ಹುಟ್ಟಿ ಬೆಳೆದಿದ್ದು ಅಲ್ಲೇ, ಅವರ ಮನೆಯವರೂ ಆ ಕೆಲಸ ಮಾಡಿದವರೇ. ಅವರು ಅಧಿಕಾರಿಗಳಿಗೆ ಕಾಗದ ಬರೆಯುವುದರಿಂದ ಶುರು ಮಾಡಿದರು. ಮುಂದೆ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು, ಸುಪ್ರೀಂ ಕೋರ್ಟಿಗೆ ಹೋದರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಲ ಹೊರುವ ಪದ್ಧತಿ ನಿಷೇಧಿಸುವ ಕಾಯ್ದೆ 1993ರಲ್ಲಿ ಒಂದು, 2013ರಲ್ಲಿ ಇನ್ನೂ ಗಟ್ಟಿಯಾದ ಇನ್ನೊಂದು ಬಂತು. ಗುಂಡಿಗೆ ಇಳಿದು ಸತ್ತರೆ ಮನೆಯವರಿಗೆ 30 ಲಕ್ಷ ಪರಿಹಾರ ಕೊಡಬೇಕು ಅಂತ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ವಿಷಯ ನಿಮ್ಮ ಸಭೆಯಲ್ಲಿ ಎಷ್ಟು ಜನಕ್ಕೆ ಗೊತ್ತಿದೆ, ಒಮ್ಮೆ ಕೇಳಿ ನೋಡಿ. ಈಗಲೂ ಗುಂಡಿಗೆ ಇಳಿಯಲು ಕರೆ ಬರುವುದು ನಮ್ಮ ಕಾಲನಿಯ ಹುಡುಗರಿಗೇ. ಇಳಿಯಬೇಡಿ, ಇಳಿಸುವುದು ಅಪರಾಧ ಅಂತ ಪ್ರಸಂಗದಲ್ಲಿ ಒಂದು ಸಲ ಹೇಳಿದರೆ ಒಂದು ಜೀವ ಉಳಿಯಬಹುದು.

ಮೂರನೆಯದು ಜಾತಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಆಗ ಅದು ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಬೇರೆ ಆಗಿದ್ದು 2007ರಲ್ಲಿ. ನಮ್ಮ ಸಭೆಗಳಲ್ಲಿ ಕೂರುವವರಲ್ಲಿ ಬಹಳ ಜನರ ಬೇರು ಅದೇ ಕೇರಿಗಳಲ್ಲಿದೆ. ಆದರೂ ಇದು ದಲಿತ ಸಂಘಟನೆಯವರ ಕೆಲಸ, ನಮ್ಮದಲ್ಲ ಅನ್ನುವ ಮಾತು ಸಭೆಯಲ್ಲೇ ಕೇಳಿದ್ದೇನೆ. ಆ ಮಾತು ಕೇಳಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಒಂದನ್ನು ಹಿಡಿದು ಎರಡು ವರ್ಷ ಬಿಡಬೇಡಿ. ಗ್ರಾಮಸಭೆ ಯಾವಾಗ ಅಂತ ಪಂಚಾಯಿತಿಯಲ್ಲಿ ಕೇಳಿ, ಸಭೆಯಿಂದ ನಾಲ್ಕು ಜನ ಹೋಗಿ, ಅದರಲ್ಲಿ ಇಬ್ಬರು ಹೆಂಗಸರಿರಲಿ. ಅಲ್ಲಿ ಚರ್ಚಿನವರು ಅಂತ ಮಾತು ಶುರು ಮಾಡದೆ ಇಂಥ ಬೀದಿಯವರು ಅಂತ ಶುರು ಮಾಡಿ. ಹೇಳಿದ್ದು ನಡಾವಳಿ ಪುಸ್ತಕಕ್ಕೆ ಬಂತಾ ನೋಡಿ. ಆರು ತಿಂಗಳಾದರೂ ಏನೂ ಆಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ತಹಶೀಲ್ದಾರರಿಗೆ ಮನವಿ ಕೊಡಲು ಹೋಗುವಾಗ ಒಬ್ಬರೇ ಹೋಗಬೇಡಿ. ಪಕ್ಕದ ದೇವಸ್ಥಾನದ ಕಮಿಟಿಯವರನ್ನು, ಮಸೀದಿಯವರನ್ನು, ಮೇಷ್ಟ್ರನ್ನು ಕರೆದುಕೊಂಡು ಹೋಗಿ. ಮನವಿಯ ಎರಡನೇ ಪ್ರತಿಗೆ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

5. ಜಾತ್ರೆ, ಚಂದಾ, ಪ್ರಸಾದ

ರಾಜಕೀಯಕ್ಕಿಂತ ದಿನಾ ಕಾಡುವ ಪ್ರಶ್ನೆ ಇದು. ಊರ ದೇವತೆಯ ಜಾತ್ರೆ ಬರುತ್ತದೆ, ಮನೆಗಿಷ್ಟು ಅಂತ ಕಟ್ಟುತ್ತಾರೆ. ಗಣೇಶನಿಗೆ ಹುಡುಗರು ರಸೀದಿ ಪುಸ್ತಕ ಹಿಡಿದು ಬರುತ್ತಾರೆ. "ಅಣ್ಣಾ, ನಿಮ್ಮ ಮನೆದು ಇನ್ನೂ ಬಂದಿಲ್ಲ." ಕೊಟ್ಟರೆ ಸಭೆಯಲ್ಲಿ ಮಾತು, ಕೊಡದಿದ್ದರೆ ಬೀದಿಯಲ್ಲಿ ಮಾತು.

ವಿಗ್ರಹಕ್ಕೆ ಇಟ್ಟದ್ದನ್ನು ತಿನ್ನುವ ಬಗ್ಗೆ ಪೌಲ ಕೊರಿಂಥದವರಿಗೆ ಉದ್ದಕ್ಕೆ ಬರೆದಿದ್ದಾನೆ. ಅವನಲ್ಲೂ ಒಂದೇ ಸಾಲಿನ ಉತ್ತರ ಇಲ್ಲ. ಒಬ್ಬರ ಮನಸ್ಸಾಕ್ಷಿ ಇನ್ನೊಬ್ಬರದಂತೆ ಇರುವುದಿಲ್ಲ, ತಮ್ಮನನ್ನು ಎಡವಿಸಬೇಡಿ ಅನ್ನುತ್ತಾನೆ. ಹಾಗಾಗಿ ಪಾಸ್ಟರ್‌ಗಳಲ್ಲಿ ನನ್ನ ವಿನಂತಿ, ಇದಕ್ಕೆ ಸಭೆಯ ಮೇಲೆ ಒಂದು ಕಟ್ಟುನಿಟ್ಟು ಹೇರಬೇಡಿ, ಮುರಿದವರನ್ನು ಕರ್ತನ ಭೋಜನದಿಂದ (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದರಿಂದ) ದೂರ ಇಡಬೇಡಿ. ಕೂರಿಸಿ ಮಾತಾಡಿ. ಮದುವೆಯಾಗಿ ಬಂದ ಹೆಣ್ಣುಮಗಳು, ಅವಳೊಬ್ಬಳೇ ವಿಶ್ವಾಸಿ, ಅತ್ತೆ ಮನೆಯವರೆಲ್ಲ ತಂಬಿಟ್ಟಿನ ದೀಪ ಹೊತ್ತು ಹೋಗುವಾಗ ಅವಳ ಕಷ್ಟ ಪಾಸ್ಟರ್ ಮನೆಯವರ ಕಷ್ಟದಂತೆ ಅಲ್ಲ.

ನಮ್ಮ ಬೀದಿಯಲ್ಲಿ ನಾವು ಮಾಡಿಕೊಂಡ ದಾರಿ ಹೇಳುತ್ತೇನೆ. ಜಾತ್ರೆಗೆ ಒಂದು ತಿಂಗಳು ಮುಂಚೆಯೇ, ಚಂದಾ ಪುಸ್ತಕ ಅಚ್ಚಾಗುವ ಮೊದಲೇ, ಇಬ್ಬರು ಹಿರಿಯರು ಊರಿನ ಯಜಮಾನರ ಮನೆಗೆ ಹೋಗಿ ಹೇಳಿದೆವು: "ಗೌಡ್ರೇ, ಪೂಜೆಯ ಲೆಕ್ಕದಲ್ಲಿ ನಮ್ಮನ್ನು ಬಿಡಿ, ಅದು ನಮ್ಮ ನಂಬಿಕೆಗೆ ಆಗೋದಿಲ್ಲ. ಆದರೆ ಜಾತ್ರೆಗೆ ಬರೋ ಜನಕ್ಕೆ ನೀರು ನಮ್ಮ ಕಡೆಯಿಂದ." ಎರಡು ದಿನಕ್ಕೆ ನಾಲ್ಕು ಟ್ಯಾಂಕರ್ ಕುಡಿಯುವ ನೀರು. ಕೋಲಾರ ಜಿಲ್ಲೆಯಲ್ಲಿ ಬೇಸಿಗೆಯ ಜಾತ್ರೆಗೆ ಟ್ಯಾಂಕರ್ ನೀರು ಅಂದರೆ ಏನು ಅಂತ ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಜಮಾನರು ಒಂದು ಕ್ಷಣ ಸುಮ್ಮನಿದ್ದು "ಆಯ್ತು ಬಿಡಿ" ಅಂದರು. ಅವತ್ತಿನಿಂದ ನಮ್ಮ ಮನೆಗಳಿಗೆ ರಸೀದಿ ಪುಸ್ತಕ ಬಂದಿಲ್ಲ. ನಮ್ಮ ಕ್ರಿಸ್ಮಸ್ಸಿಗೆ ಅವರ ಮನೆಯ ಹುಡುಗರೇ ಸೀರಿಯಲ್ ಸೆಟ್ ಕಟ್ಟಿಕೊಡುತ್ತಾರೆ.

ಕೊನೆ ದಿನ ಬಾಗಿಲಲ್ಲಿ ನಿಂತು ಇಲ್ಲ ಅಂದರೆ ಜಗಳ. ತಿಂಗಳ ಮುಂಚೆ ಅವರ ಮನೆಗೇ ಹೋಗಿ ಹೇಳಿದರೆ ಮಾತುಕತೆ. ಪ್ರಸಾದ ಕೊಟ್ಟಾಗಲೂ ಅಷ್ಟೇ. ಬೇಡ ಅನ್ನುವುದಾದರೆ ಕೈ ಮುಗಿದು, ನಗುಮುಖದಿಂದ ಹೇಳಿ. ಕೊಟ್ಟವರ ಕಣ್ಣೆದುರು ಅದನ್ನು ದೆವ್ವದ್ದು ಅನ್ನುವುದು, ಮಕ್ಕಳ ಕೈಯಿಂದ ಕಿತ್ತು ಎಸೆಯುವುದು, ಇವು ನಂಬಿಕೆಯೂ ಅಲ್ಲ, ಮರ್ಯಾದೆಯೂ ಅಲ್ಲ. ಬೇರೆಯವರ ದೇವರನ್ನು ಬೈದು ಮಾಡುವ ಪ್ರಸಂಗದ ಬಗ್ಗೆಯೂ ಇದೇ ಮಾತು. ಕೇಳಿದವರಿಗೆ ಸಾತ್ವಿಕತೆಯಿಂದ, ಗೌರವದಿಂದ ಉತ್ತರ ಕೊಡಿ ಅಂತ 1 ಪೇತ್ರ 3ರಲ್ಲಿದೆ. ಬೇಕೆಂದೇ ಇನ್ನೊಂದು ಧರ್ಮವನ್ನು ಅವಮಾನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್ ಕೂಡ ಇದೆ.

6. ಜಾತಿ ಕಾಲಂ ಮತ್ತು ದೀಕ್ಷಾಸ್ನಾನ

ಈ ವಿಷಯ ಮಾತಾಡಲು ಎಲ್ಲರಿಗೂ ಭಯ. ಮಾತಾಡದೆ ಇದ್ದುದರಿಂದಲೇ ಬಹಳ ಮನೆಗಳು ಪೆಟ್ಟು ತಿಂದಿವೆ.

1950ರ ಪರಿಶಿಷ್ಟ ಜಾತಿ ಆದೇಶದ ಮೂರನೇ ಪ್ಯಾರಾ ಪ್ರಕಾರ ಹಿಂದೂ ಧರ್ಮದವರಿಗೆ ಮಾತ್ರ ಪರಿಶಿಷ್ಟ ಜಾತಿ ಸ್ಥಾನ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ ದಲಿತರು ಇವತ್ತಿಗೂ ಹೊರಗೆ. ಕೋಲಾರ ಲೋಕಸಭಾ ಕ್ಷೇತ್ರ ಮೀಸಲು, ಕೆಜಿಎಫ್, ಬಂಗಾರಪೇಟೆ, ಮುಳಬಾಗಿಲು ವಿಧಾನಸಭೆಯಲ್ಲಿ ಮೀಸಲು. ಅಂದರೆ ಈ ಪ್ರಶ್ನೆ ಇಲ್ಲಿ ಮನೆಮನೆಯದ್ದು. ಈ ಗೋಡೆ ತೆಗೆಯಬೇಕು ಅಂತ 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಶಿಫಾರಸು ಮಾಡಿತು. 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ಕೂತಿತು. ಇನ್ನೊಂದು ಕಡೆ 2024ರ ನವೆಂಬರ್‌ನಲ್ಲಿ, ಚರ್ಚಿಗೆ ಹೋಗುತ್ತಾ ಕೆಲಸಕ್ಕಾಗಿ ಮಾತ್ರ ಹಿಂದೂ ಅಂತ ಹೇಳಿಕೊಳ್ಳುವುದನ್ನು ಒಪ್ಪಲಾಗದು ಅಂತ ಪುದುಚೇರಿಯ ಒಬ್ಬ ಹೆಣ್ಣುಮಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಚರ್ಚಿಗೆ ಬಂದ ಮಾತ್ರಕ್ಕೆ ಜಾತಿಯ ಅವಮಾನ ಹೋಗುವುದಿಲ್ಲ, ಟೀ ಅಂಗಡಿಯವನು ದೀಕ್ಷಾಸ್ನಾನದ (ಬ್ಯಾಪ್ಟಿಸಮ್ಮಿನ) ಸರ್ಟಿಫಿಕೇಟ್ ನೋಡಿ ಲೋಟ ಬದಲಾಯಿಸುವುದಿಲ್ಲ. ಹಾಗಾಗಿ ಈ ಆದೇಶ ಅನ್ಯಾಯ ಅಂತ ನಾನು ನಂಬುತ್ತೇನೆ, ಸಭೆಗಳು ಅದನ್ನು ಬಹಿರಂಗವಾಗಿ, ಸಹಿ ಹಾಕಿ ಕೇಳಬೇಕು ಅಂತಲೂ ನಂಬುತ್ತೇನೆ. ಆದರೆ ಪಾಸ್ಟರ್ ಆದವರು ಯಾರಿಗೂ "ಹೀಗೆ ಬರೆಸು, ಹಾಗೆ ಬಚ್ಚಿಡು" ಅಂತ ಹೇಳಿಕೊಡಬಾರದು. 2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ 60 ಪ್ರಶ್ನೆಗಳ ಸಮೀಕ್ಷೆ ಶುರುವಾದಾಗ, ಜಾತಿ ಹೆಸರಿನ ಮುಂದೆ ಕ್ರಿಶ್ಚಿಯನ್ ಅಂತ ಸೇರಿಸಿದ್ದಕ್ಕೆ ದೊಡ್ಡ ಗಲಾಟೆಯಾಯಿತು. ಆ ವಾರ ನನಗೆ ಇಪ್ಪತ್ತು ಜನ ಫೋನ್ ಮಾಡಿ ಏನು ಬರೆಸಬೇಕು ಅಂತ ಕೇಳಿದರು. ನಾನು ಹೇಳಿದ್ದು ಇಷ್ಟೇ: ನಿಮ್ಮ ಬಗ್ಗೆ ಏನು ಸತ್ಯವೋ ಅದನ್ನು ಬರೆಸಿ, ಕಾನೂನಿನ ಪರಿಣಾಮ ಏನು ಅಂತ ಮೊದಲು ವಕೀಲರನ್ನು ಕೇಳಿ, ಆಮೇಲೆ ತೀರ್ಮಾನ ನಿಮ್ಮದು.

ದೀಕ್ಷಾಸ್ನಾನಕ್ಕೆ ಬಂದವರಿಗೂ ಇದೇ ಕ್ರಮ ಇಟ್ಟುಕೊಳ್ಳಿ. ಅವಸರ ಬೇಡ. ಕಾನೂನಿನಲ್ಲಿ ಏನು ಬದಲಾಗುತ್ತದೆ, ಮನೆಯಲ್ಲಿ ಏನು ಆಗಬಹುದು ಅಂತ ಬಿಡಿಸಿ ಹೇಳಿ. ಸಂವಿಧಾನದ 25ನೇ ವಿಧಿ ನಂಬಲು, ಆಚರಿಸಲು, ಸಾರಲು ಹಕ್ಕು ಕೊಡುತ್ತದೆ. ಆದರೆ ಇನ್ನೊಬ್ಬರನ್ನು ಮತಾಂತರ ಮಾಡುವುದು ಅದರಲ್ಲಿ ಸೇರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ರಾಜ್ಯದಲ್ಲಿ 2022ರಲ್ಲಿ ಬಂದ ಕಾಯ್ದೆ ಮೂವತ್ತು ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಅಂತ ಹೇಳಿತ್ತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂತೆಗೆಯಲು ತೀರ್ಮಾನಿಸಿತು. ಹೀಗೆ ಬದಲಾಗುವ ವಿಷಯವನ್ನು ವಾಟ್ಸಾಪಿನಲ್ಲಿ ನೋಡಿ ನಂಬಬೇಡಿ. ಪ್ರತಿ ಸಲ, ದಿನಾಂಕ ಗೊತ್ತು ಮಾಡುವ ಮುಂಚೆ, ವಕೀಲರ ಹತ್ತಿರ ಕೇಳಿ. ಅಕ್ಕಿ ಮೂಟೆ, ಶಾಲೆ ಫೀಸು, ಆಸ್ಪತ್ರೆ ಖರ್ಚು, ಇವನ್ನು ಯಾರಿಗೇ ಕೊಟ್ಟರೂ ಬಡತನ ನೋಡಿ ಕೊಡಿ. ದೀಕ್ಷಾಸ್ನಾನದ ಮಾತು ಅದರ ಹತ್ತಿರವೂ ಸುಳಿಯಬಾರದು.

7. ಮೈಕ್ ಮತ್ತು ಫೋನು

ಮೈಕಿಗೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಕೇಳುವ ಹಾಗೆ ಹಾಕಬಾರದು. ಜನವಸತಿ ಇರುವ ಕಡೆ ಹಗಲಲ್ಲಿ 55 ಡೆಸಿಬಲ್, ರಾತ್ರಿ 45. ಇಪ್ಪತ್ತು ಜನ ಕೂರುವ ಹಾಲಿಗೆ ಎರಡು ದೊಡ್ಡ ಬಾಕ್ಸ್ ಯಾಕೆ? ಪರೀಕ್ಷೆ ಸಮಯದಲ್ಲಿ ಪಕ್ಕದ ಮನೆಯ ಮಗು ಓದುತ್ತಿರುತ್ತದೆ. ಉಪವಾಸ ಪ್ರಾರ್ಥನೆ ದಿನ ಬೈಕುಗಳನ್ನು ಪಕ್ಕದವರ ಬಾಗಿಲಿಗೆ ಅಡ್ಡ ನಿಲ್ಲಿಸಬೇಡಿ. ಮನೆ ಸಭೆಗಳ ಮೇಲೆ ಬಂದ ದೂರುಗಳಲ್ಲಿ ಕೆಲವು ಇಂಥ ಸಣ್ಣ ವಿಷಯದಿಂದಲೇ ಶುರುವಾಗಿದ್ದನ್ನು ನಾನೇ ನೋಡಿದ್ದೇನೆ.

ಎಲ್ಲೋ ಚರ್ಚ್ ಸುಟ್ಟರು, ಯಾರನ್ನೋ ಹೊಡೆದರು ಅನ್ನುವ ವಿಡಿಯೋ ಬಂದರೆ ಮೊದಲು ಯಾವ ಊರು, ಯಾವ ದಿನ ಅಂತ ಕೇಳಿ. ಕಳಿಸಿದವರಿಗೆ ಗೊತ್ತಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಒಮ್ಮೆ ನಮ್ಮ ಗ್ರೂಪಿಗೆ ಬೇರೆ ದೇಶದ ಹಳೆಯ ವಿಡಿಯೋ ನಮ್ಮ ತಾಲೂಕಿನದು ಅಂತ ಬಂತು, ಮೂರು ಗಂಟೆಯಲ್ಲಿ ಹುಡುಗರು ಮೆರವಣಿಗೆ ಹೊರಡುವಷ್ಟಾಯಿತು. ಒಬ್ಬ ಸಿಸ್ಟರ್ ಆ ಊರಿನ ತಮ್ಮ ನೆಂಟರಿಗೆ ಫೋನ್ ಮಾಡಿ ಕೇಳಿದ್ದರಿಂದ ನಿಂತಿತು.

8. ಗಲಾಟೆ ಆದರೆ

ನಾವು ಎಷ್ಟೇ ಸರಿಯಿದ್ದರೂ ಕೆಲವು ಸಲ ಗುಂಪು ಬಂದೇ ಬರುತ್ತದೆ. ಅಂಥ ದಿನಕ್ಕೆ ತಯಾರಿ ಇಂದೇ ಮಾಡಿಕೊಳ್ಳಿ. ನಿಮ್ಮ ಬೀಟ್ ಪೊಲೀಸರ ನಂಬರು ನಾಲ್ಕು ಜನರ ಫೋನಿನಲ್ಲಿರಲಿ. ಕ್ರಿಸ್ಮಸ್, ಗುಡ್ ಫ್ರೈಡೆ, ದೊಡ್ಡ ಕೂಟಗಳಿಗೆ ಠಾಣೆಗೆ ಮೊದಲೇ ಬರೆದುಕೊಡಿ. ಬಾಡಿಗೆ ಕರಾರು, ಕಂದಾಯದ ರಸೀದಿ, ಟ್ರಸ್ಟ್ ನೋಂದಣಿ, ಇವುಗಳ ಪ್ರತಿ ಒಂದು ಫೈಲಿನಲ್ಲಿ ಸಭೆಯಲ್ಲೇ ಇರಲಿ.

ಗುಂಪು ಬಂದಾಗ ಹೆಂಗಸರು ಮಕ್ಕಳನ್ನು ಒಳಗೇ ಕೂರಿಸಿ. ಇಬ್ಬರು ಹಿರಿಯರು ಮಾತ್ರ ಹೊರಗೆ ಹೋಗಿ. ಹುಡುಗರು ಕೈ ಎತ್ತಬಾರದು, ಒಬ್ಬ ಎತ್ತಿದರೂ ಎದುರು ದೂರು ಗ್ಯಾರಂಟಿ. 112ಕ್ಕೆ ಫೋನ್ ಮಾಡಿ. ಒಬ್ಬರು ಮೂಲೆಯಲ್ಲಿ ನಿಂತು ವಿಡಿಯೋ ಮಾಡಲಿ, ಆದರೆ ಅವತ್ತೇ ಫೇಸ್‌ಬುಕ್ಕಿಗೆ ಹಾಕಬೇಡಿ, ಅದು ಸಾಕ್ಷಿ. ಕಾನೂನು ಪ್ರಕಾರ ನಡೆಯುತ್ತಿರುವ ಆರಾಧನೆಗೆ ಅಡ್ಡಿ ಮಾಡುವುದು ನ್ಯಾಯ ಸಂಹಿತೆಯ 300ನೇ ಸೆಕ್ಷನ್ ಪ್ರಕಾರ ಅಪರಾಧ. ದೂರು ಕೊಡಿ, ಎಫ್ಐಆರ್ ಪ್ರತಿ ಉಚಿತವಾಗಿ ಕೊಡಲೇಬೇಕು, ಕೇಳಿ ಪಡೆಯಿರಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟು. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ. ರಾಜ್ಯ ಅಲ್ಪಸಂಖ್ಯಾತರ ಆಯೋಗಕ್ಕೂ ಒಂದು ಪ್ರತಿ ಹಾಕಿ.

ಅವತ್ತು ಸಂಜೆ ಊರಿನ ಯಜಮಾನರ ಮನೆಗೆ, ಪಕ್ಕದ ಮನೆಗಳಿಗೆ ಹೋಗಿ ನಡೆದದ್ದನ್ನು ಹೇಳಿ. ಟ್ಯಾಂಕರ್ ನೀರು ಕೊಟ್ಟವರು, ಗ್ರಾಮಸಭೆಗೆ ಜೊತೆಗೆ ಬಂದವರು ಅಂತ ನಿಮ್ಮ ಮುಖ ಅವರಿಗೆ ಗೊತ್ತಿದ್ದರೆ ಆ ಮಾತುಕತೆ ಬೇರೆಯೇ ಥರ ಇರುತ್ತದೆ. ನಮ್ಮ ಹತ್ತಿರದ ಒಂದು ಹಳ್ಳಿಯಲ್ಲಿ ಠಾಣೆಗೆ ಪಾಸ್ಟರ್ ಜೊತೆ ಹೋಗಿ ಸಾಕ್ಷಿ ಹೇಳಿದವರು ದೇವಸ್ಥಾನದ ಕಮಿಟಿಯ ಕಾರ್ಯದರ್ಶಿ.

9. ಪ್ರಾರ್ಥನೆ ಪಟ್ಟಿ

ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸಿ ಅಂತ 1 ತಿಮೊಥೆಯ 2ರಲ್ಲಿ ಇದೆ. ನಾವು ಅದನ್ನು "ನಾಯಕರನ್ನು ಆಶೀರ್ವದಿಸು" ಅಂತ ಒಂದು ಸಾಲಿನಲ್ಲಿ ಮುಗಿಸುತ್ತೇವೆ. ಅದರ ಬದಲು ಒಂದು ಹಾಳೆಯಲ್ಲಿ ಬರೆದು ಬಾಗಿಲ ಒಳಗೆ ಅಂಟಿಸಿ: ಪಂಚಾಯಿತಿ ಅಧ್ಯಕ್ಷರು, ಪಿಡಿಒ, ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ವಾಟರ್‌ಮನ್, ಬೀಟ್ ಪೊಲೀಸ್, ತಹಶೀಲ್ದಾರ್, ಶಾಸಕರು, ಸಂಸದರು. ವಾರಕ್ಕೆ ಇಬ್ಬರು. ಹೆಸರು ಹಿಡಿದು, ಅವರ ಮನೆಯವರ ಆರೋಗ್ಯಕ್ಕೂ ಪ್ರಾರ್ಥಿಸಿ. ನೀವು ಓಟು ಹಾಕದವರು ಗೆದ್ದಿದ್ದರೆ ಅವರ ಹೆಸರು ಮೊದಲ ವಾರವೇ ಬರಲಿ. ಸೋತವರಿಗೂ ಒಂದು ವಾರ ಇಡಿ, ಅವರೂ ಇದೇ ಊರಲ್ಲಿ ಬಾಳಬೇಕಲ್ವಾ.

ನಮ್ಮ ಸಭೆಯಲ್ಲಿ ಈ ಹಾಳೆ ಬರೆಯುವ ಕೆಲಸ ಭಾನುವಾರದ ಶಾಲೆಯ ಮಕ್ಕಳದ್ದು. ಅಧಿಕಾರಿ ವರ್ಗವಾಗಿ ಹೋದರೆ ಮಕ್ಕಳೇ ಪಂಚಾಯಿತಿ ಕಚೇರಿಗೆ ಹೋಗಿ ಹೊಸಬರ ಹೆಸರು ಕೇಳಿಕೊಂಡು ಬಂದು, ಹಳೆಯದನ್ನು ಹೊಡೆದು, ಪಕ್ಕದಲ್ಲಿ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಾರೆ.